ಟೈರ್ ಸೆನ್ಸರ್ ಕೆಟ್ಟಿದೆ, ನಾಲ್ಕೂ ಬದಲಿಸಿ ಅಂತಾರೆ, 19 ಸಾವಿರ! ಕಡಿಮೆಗೆ ಏನಾದರೂ ದಾರಿ ಇದೆಯಾ?

ಜೇವರ್ಗಿ ರೋಡ್:
ಎಲ್ಲರಿಗೂ ನಮಸ್ಕಾರ. ನಂದು 2017ರ ಡೀಸೆಲ್ ಎಸ್‌ಯುವಿ, 1 ಲಕ್ಷ 12 ಸಾವಿರ ಕಿ.ಮೀ. ಓಡಿದೆ. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಇಲ್ಲಿ ಬೇರೆಯೇ ಜಗಳ ಶುರುವಾಗುತ್ತದೆ.

ಹದಿನೈದು ದಿನದಿಂದ ಡ್ಯಾಶ್‌ಬೋರ್ಡ್ ಮೇಲೆ ಟೈರಿನ ಹಳದಿ ಲೈಟ್ ಬರುತ್ತಿದೆ. ಗಾಡಿ ಚಾಲೂ ಮಾಡಿದ ತಕ್ಷಣ ಒಂದು ನಿಮಿಷ ಮಿಟುಕುತ್ತದೆ, ಆಮೇಲೆ ಹಾಗೇ ಉರಿಯುತ್ತಿರುತ್ತದೆ. ಮೂರು ಟೈರಿನ ಹವಾ ತೋರಿಸುತ್ತದೆ, ಎಡ ಮುಂದಿನದಕ್ಕೆ ಮಾತ್ರ ಬರೀ ಗೆರೆ. ಪೆಟ್ರೋಲ್ ಬಂಕಿನಲ್ಲಿ ಮೀಟರ್ ಹಚ್ಚಿ ನೋಡಿದೆ, ನಾಲ್ಕರಲ್ಲೂ 33 ಪಿಎಸ್‌ಐ (ಹವಾದ ಒತ್ತಡದ ಅಳತೆ) ಇದೆ.

ಸರ್ವಿಸ್ ಸೆಂಟರಿನವರು "ಸೆನ್ಸರ್ ಹೋಗಿದೆ, ಒಂದು ಹೋದರೆ ಉಳಿದವೂ ಹೋಗುತ್ತವೆ, ನಾಲ್ಕೂ ಹಾಕಿಸಿಬಿಡಿ" ಅಂದರು. ಒಂದಕ್ಕೆ 4,600, ಮೇಲೆ ಕೂಲಿ. ಒಟ್ಟು 19 ಸಾವಿರದ ಮೇಲೆ. ಟೈರ್ ಇನ್ನೂ ಎಂಟು ಹತ್ತು ಸಾವಿರ ಕಿ.ಮೀ. ಬರುತ್ತವೆ. ವಾರಕ್ಕೊಮ್ಮೆ ಹೈದರಾಬಾದಿಗೆ ಹೋಗಿಬರುವವನು ನಾನು, ಸುಮ್ನೆ ಬಿಡೋಕೂ ಧೈರ್ಯ ಇಲ್ಲ. ಅಪ್ಪ ಹೇಳಿದ ಉಪಾಯ: ಲೈಟ್ ಮೇಲೆ ಕರಿ ಟೇಪ್ ಅಂಟಿಸು.

ತೊಗರಿಬ್ಯಾಳಿ:
ಅಪ್ಪನ ಮಾತು ಕೇಳ್ರಿ. 10 ರೂಪಾಯಿ ಕೆಲಸ.

ಹಳೇ ಅಂಬಾಸಡರ್:
ನಲವತ್ತು ವರ್ಷ ಗಾಡಿ ಓಡಿಸಿದೀನಿ. ಸೆನ್ಸರ್ ಅಂದರೆ ನನ್ನ ಬಲಗಾಲು. ಒದ್ದರೆ ಗೊತ್ತಾಗುತ್ತದೆ ಹವಾ ಎಷ್ಟಿದೆ ಅಂತ.

ಬೀದರ್ ಕೋಟೆ:
ಕಾಕಾ, ಟ್ಯೂಬ್‌ಲೆಸ್ ಟೈರ್ 20ಕ್ಕೆ ಇಳಿದರೂ ಒದ್ದರೆ ಗಟ್ಟಿಯೇ ಇರುತ್ತದೆ. ಪಕ್ಕದ ಗೋಡೆ ಗಟ್ಟಿ ಇರುತ್ತದಲ್ಲ. ಹುಮನಾಬಾದ್ ದಾಟಿ 100ರ ಸ್ಪೀಡಿನಲ್ಲಿ ಹೋಗುವಾಗ ಒದ್ದು ನೋಡೋಕೆ ಆಗುತ್ತಾ?

ಟೈರ್ ಅಂಗಡಿಯವ:
ಇದೇ ನನ್ನ ದಂಧೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೀನಿ.

ಮೊದಲು ಲೈಟಿನ ಭಾಷೆ ತಿಳ್ಕೊಳ್ಳಿ. ಸುಮ್ಮನೆ ಹತ್ತಿಕೊಂಡು ನಿಂತರೆ ಯಾವುದೋ ಟೈರಿನಲ್ಲಿ ಹವಾ ಕಡಿಮೆ. ಒಂದು ಒಂದೂವರೆ ನಿಮಿಷ ಮಿಟುಕಿ ಆಮೇಲೆ ಹಾಗೇ ಉರಿಯುತ್ತಿದ್ದರೆ ಹವಾದ ಸಮಸ್ಯೆ ಅಲ್ಲ, ಸೆನ್ಸರಿನ ಮಾತು ಗಾಡಿಗೆ ಕೇಳಿಸುತ್ತಿಲ್ಲ ಅಂತ ಅರ್ಥ. ನಿಮ್ಮದು ಎರಡನೆಯದು.

ಸೆನ್ಸರ್ ಇರೋದು ಚಕ್ರದ ಡಿಸ್ಕಿನ (ರಿಮ್ಮಿನ) ಒಳಗೆ, ವಾಲ್ವಿನ ಬುಡದಲ್ಲಿ. ಒಳಗೊಂದು ಸಣ್ಣ ಲಿಥಿಯಂ ಸೆಲ್. ಸುತ್ತ ರಾಳ ಸುರಿದು ಮುಚ್ಚಿರುತ್ತಾರೆ, ತೆಗೆದು ಹಾಕೋ ಹಾಗಿಲ್ಲ. ಸೆಲ್ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುತ್ತದೆ. ಗಾಡಿ ಓಡುವಾಗ ಅದು ಪದೇ ಪದೇ ರೇಡಿಯೋ ಸಿಗ್ನಲ್ ಕಳಿಸುತ್ತದೆ, ನಿಂತಾಗ ಮಲಗುತ್ತದೆ. ಹಾಗಾಗಿ ಜಾಸ್ತಿ ಓಡಿದ ಗಾಡಿಯಲ್ಲಿ ಬೇಗ ಮುಗಿಯುತ್ತದೆ. ನಿಮ್ಮದು 2017ರದ್ದು, 1 ಲಕ್ಷ ದಾಟಿದೆ. ಸತ್ತಿದ್ದರಲ್ಲಿ ಆಶ್ಚರ್ಯ ಇಲ್ಲ.

ನಾಲ್ಕೂ ಒಟ್ಟಿಗೆ ಬದಲಿಸಿ ಅಂದಿದ್ದು ಪೂರ್ತಿ ಸುಳ್ಳಲ್ಲ, ಒಂದೇ ದಿನ ಹುಟ್ಟಿದವು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಹೋಗುತ್ತವೆ. ಆದರೆ ಅದನ್ನು ಟೈರ್ ಬದಲಿಸುವಾಗ ಮಾಡಿ. ಆಗ ಹೇಗೂ ಟೈರ್ ಬಿಚ್ಚುತ್ತೇವೆ, ಬ್ಯಾಲೆನ್ಸಿಂಗೂ (ಚಕ್ರದ ತೂಕ ಸುತ್ತಲೂ ಸಮ ಮಾಡೋದು) ಮಾಡುತ್ತೇವೆ, ಕೂಲಿ ಎರಡೆರಡು ಸಲ ಬೀಳಲ್ಲ.

ಯಾದಗಿರಿ ಬಿಸಿಲು:
ಅಣ್ಣಾ, ನಂದು 2022ರ ಹ್ಯಾಚ್‌ಬ್ಯಾಕ್. ನನಗೂ ಅದೇ ಲೈಟ್ ಬರುತ್ತದೆ, ಆದರೆ ಪಂಕ್ಚರ್ ಅಂಗಡಿಯವನು ಟೈರ್ ಬಿಚ್ಚಿ ನೋಡಿ ಒಳಗೆ ಸೆನ್ಸರೇ ಇಲ್ಲ ಅಂದ. ಯಾರೋ ಕದ್ದಿದ್ದಾರಾ?

ಟೈರ್ ಅಂಗಡಿಯವ:
ಯಾರೂ ಕದ್ದಿಲ್ಲ ತಮ್ಮಾ, ಮೊದಲೇ ಇರಲಿಲ್ಲ. ನಿಮ್ಮ ಗಾಡಿಯಲ್ಲಿರೋದು ಬೇರೆ ಪದ್ಧತಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಬ್ರೇಕಿಗೆ ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಇದ್ದೇ ಇರುತ್ತದೆ. ಹವಾ ಇಳಿದ ಟೈರ್ ಸ್ವಲ್ಪ ಕುಗ್ಗುತ್ತದೆ, ಆಗ ಉಳಿದವಕ್ಕಿಂತ ಜಾಸ್ತಿ ಸುತ್ತು ಹಾಕುತ್ತದೆ. ಗಾಡಿ ಆ ಲೆಕ್ಕ ಹಿಡಿದು ಲೈಟ್ ಹಚ್ಚುತ್ತದೆ. ಹವಾ ಸರಿ ಮಾಡಿಸಿದ ಮೇಲೆ ಸೆಟ್ ಬಟನ್ ಒತ್ತಬೇಕು, ಇಲ್ಲಾಂದ್ರೆ ಹಳೇ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ.

ಯಾದಗಿರಿ ಬಿಸಿಲು:
ಆ ಬಟನ್ ಎಲ್ಲಿರುತ್ತದೆ?

ತೊಗರಿಬ್ಯಾಳಿ:
ಗಾಡಿ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲ್ಲ ನೀವು.

ಸೇಡಂ ಧೂಳು:
ಜೇವರ್ಗಿ ರೋಡ್ ಅವರೇ, ಇಷ್ಟೆಲ್ಲಾ ಯಾಕ್ರಿ? ಆನ್‌ಲೈನಿನಲ್ಲಿ ಹೊರಗಿನ ಸೆನ್ಸರ್ ಸಿಗುತ್ತವೆ. ವಾಲ್ವಿನ ಮುಚ್ಚಳ ತೆಗೆದು ಅದನ್ನು ತಿರುಗಿಸಿದರೆ ಆಯ್ತು. ಸೋಲಾರ್ ಡಿಸ್‌ಪ್ಲೇ ಸಮೇತ ನನಗೆ 2,400ಕ್ಕೆ ನಾಲ್ಕೂ ಬಂತು. ಸೆಲ್ ಮುಗಿದರೆ ನಾವೇ ಹಾಕಬಹುದು. ಎರಡು ವರ್ಷದಿಂದ ಸೇಡಂ ರಸ್ತೆಯಲ್ಲಿ ಸಿಮೆಂಟ್ ಟಿಪ್ಪರ್‌ಗಳ ಹಿಂದೆ ಓಡಿಸುತ್ತಿದ್ದೀನಿ, ತೊಂದರೆ ಇಲ್ಲ.

ಕಮಲಾಪುರ ಬಾಳೆ:
ನಾನೂ ಅದನ್ನೇ ಹಾಕಿಸಿದ್ದೆ. ಶರಣಬಸವೇಶ್ವರ ಜಾತ್ರೆಗೆ ಹೋದಾಗ ಪಾರ್ಕಿಂಗಿನಲ್ಲಿ ನಾಲ್ಕರಲ್ಲಿ ಮೂರು ಮಾಯ. ಉಳಿದ ಒಂದು ಗೋಡೆ ಕಡೆ ಇತ್ತು, ಕೈ ಹೋಗಿರಲಿಕ್ಕಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಡಿಸ್‌ಪ್ಲೇ ಕೂಗುತ್ತಲೇ ಇತ್ತು, ಮಗಳು ಕಿವಿ ಮುಚ್ಚಿಕೊಂಡು ಕೂತಿದ್ದಳು.

ಸೇಡಂ ಧೂಳು:
ಲಾಕ್ ನಟ್ ಹಾಕಿರಲಿಲ್ಲವಾ ಅಕ್ಕಾ? ಬಾಕ್ಸಿನಲ್ಲೇ ಕೊಟ್ಟಿರುತ್ತಾರೆ, ಸಣ್ಣ ಪಾನಾ ಸಮೇತ.

ಕಮಲಾಪುರ ಬಾಳೆ:
ಹಾಕಿದ್ದೆ. ಆಮೇಲೆ ಪ್ರತಿ ಸಲ ಹವಾ ಹೊಡೆಸುವಾಗ ಆ ಪಾನಾ ಹುಡುಕಬೇಕು. ಬಂಕಿನ ಹುಡುಗ ಹಿಂದೆ ಸಾಲಾಗಿ ನಿಂತ ಗಾಡಿ ತೋರಿಸಿ ಮುಖ ಸಿಂಡರಿಸುತ್ತಿದ್ದ. ಬೇಸರವಾಗಿ ನಟ್ ತೆಗೆದೆ, ಜಾತ್ರೆಯಲ್ಲಿ ಸೆನ್ಸರೇ ಹೋಯ್ತು.

ಟೈರ್ ಅಂಗಡಿಯವ:
ಹೊರಗಿನ ಸೆನ್ಸರ್ ಕೆಟ್ಟದ್ದೇನಲ್ಲ. ಒಂದೇ ಮಾತು: ರಬ್ಬರ್ ವಾಲ್ವ್ ಹಳೆಯದಿದ್ದರೆ ಹಾಕಬೇಡಿ. ಚಕ್ರ ತಿರುಗುವಾಗ ಆ ಭಾರ ವಾಲ್ವನ್ನು ಹೊರಗೆ ಎಳೆಯುತ್ತದೆ, ಬುಡದಲ್ಲಿ ಸೀಳುತ್ತದೆ. ಹವಾ ಕಾಯೋಕೆ ಹಾಕಿದ ಸಾಮಾನೇ ಹವಾ ಬಿಡುತ್ತದೆ. ಇನ್ನೊಂದು, ಅದನ್ನು ಹಾಕಿದರೂ ಡ್ಯಾಶ್‌ಬೋರ್ಡಿನ ಹಳದಿ ಲೈಟ್ ಹೋಗಲ್ಲ, ಅದು ಬೇರೆ ಲೋಕ.

ಸೋಲ್ಡರ್ ಮಾಮಾ:
ನಾನು ಸೆಲ್ ಬದಲಿಸಿದ್ದೇನೆ! ಹಳೇ ಸೆನ್ಸರಿನ ರಾಳವನ್ನು ಬಿಸಿ ಚಾಕುವಿನಿಂದ ಕೆತ್ತಿ, ಸೆಲ್ ಕಿತ್ತು, ಅಂಗಡಿಯಲ್ಲಿ ಸಿಕ್ಕ 40 ರೂಪಾಯಿ ಸೆಲ್ ಬೆಸುಗೆ ಹಾಕಿ, ಎಪಾಕ್ಸಿ ಅಂಟು ಸುರಿದು ಮುಚ್ಚಿದೆ. ಫಸ್ಟ್ ಕ್ಲಾಸ್ ಕೆಲಸ ಮಾಡಿತು.

ಬೀದರ್ ಕೋಟೆ:
ಎಷ್ಟು ದಿನ?

ಸೋಲ್ಡರ್ ಮಾಮಾ:
ಜನವರಿಯಿಂದ ಮೇವರೆಗೆ.

ಬೀದರ್ ಕೋಟೆ:
😂 ಬಿಸಿಲಿಗೆ ಹೋಯ್ತು ಅನ್ನಿ.

ಸೋಲ್ಡರ್ ಮಾಮಾ:
ಹೌದು, ನಗಬೇಡಿ. ಆಮೇಲೆ ಓದಿ ತಿಳಿದುಕೊಂಡೆ. ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಮಾಮೂಲಿ ಸೆಲ್ 60-70 ಡಿಗ್ರಿವರೆಗೆ ಮಾತ್ರ. ಸೆನ್ಸರಿನೊಳಗೆ ಹಾಕೋದು 125 ಡಿಗ್ರಿ ತಡೆಯುವ ಬೇರೆ ಜಾತಿ. ಕಲಬುರಗಿ ಮೇ ತಿಂಗಳಲ್ಲಿ ನೆರಳಲ್ಲೇ 42-43. ಕಾದ ಟಾರು, ಬ್ರೇಕಿನ ಬಿಸಿ, ಟೈರಿನ ಬಿಸಿ ಸೇರಿದರೆ ಒಳಗೆ ಏನಾಗಬೇಡ? ಮೇಲಾಗಿ ನಾನು ಸುರಿದ ಎಪಾಕ್ಸಿ ಜಾಸ್ತಿಯಾಗಿ 80 ದಾಟಿದರೆ ಸ್ಟಿಯರಿಂಗ್ ನಡುಗುತ್ತಿತ್ತು. ಖರ್ಚು ಲೆಕ್ಕ ಹಾಕಿದರೆ ಎರಡು ಸಲ ಟೈರ್ ಬಿಚ್ಚಿಸಿದ್ದು, ಎರಡು ಸಲ ಬ್ಯಾಲೆನ್ಸಿಂಗ್, ಒಂದು ಭಾನುವಾರ, ಸುಟ್ಟ ಹೆಬ್ಬೆರಳು. ಮಾಡಬೇಡಿ.

ಹಳೇ ಅಂಬಾಸಡರ್:
ಬಿಸಿಲಿನ ಮಾತು ಬಂತು, ಹೇಳ್ತೀನಿ. ಬೇಸಿಗೆಯಲ್ಲಿ ಹವಾ 28 ಇಡಬೇಕು. ಕಾದು ಹಿಗ್ಗುತ್ತದೆ, ಜಾಗ ಬೇಕು ಅದಕ್ಕೆ. 33 ಹಾಕಿಕೊಂಡು ಹೋದರೆ ಟೈರ್ ಒಡೆಯುತ್ತದೆ.

ಬೀದರ್ ಕೋಟೆ:
ಕಾಕಾ, ಈ ಒಂದು ಮಾತಿಗೆ ನಾನು ಒಪ್ಪಲ್ಲ. ಹವಾ ಕಡಿಮೆ ಇದ್ದರೆ ಟೈರಿನ ಗೋಡೆ ಸುತ್ತು ಸುತ್ತಿಗೂ ಮಡಚಿ ಮಡಚಿ ಏಳುತ್ತದೆ. ತಂತಿಯನ್ನು ಹತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಹಾಗೇ ಇದು. ಬೇಸಿಗೆಯಲ್ಲಿ ಒಡೆಯುವ ಟೈರುಗಳಲ್ಲಿ ಹವಾ ಕಡಿಮೆ ಇದ್ದವು, ಹಳೇವು, ಭಾರ ಜಾಸ್ತಿ ಹೊತ್ತವು ಇರುತ್ತವೆ. 10 ಡಿಗ್ರಿ ಏರಿದರೆ ಒಂದೂವರೆ ಎರಡು ಪಿಎಸ್‌ಐ ಏರುತ್ತದೆ ಅಷ್ಟೇ. ಕಂಪನಿಯವರು ಆ ಲೆಕ್ಕ ಹಿಡಿದೇ ಬಾಗಿಲ ಪಕ್ಕ ಸ್ಟಿಕರ್ ಅಂಟಿಸಿರುತ್ತಾರೆ. ಬೆಳಗ್ಗೆ ತಣ್ಣಗಿದ್ದಾಗ ಆ ಲೆಕ್ಕಕ್ಕೆ ಹವಾ ಹಾಕಿಸಬೇಕು. ಹೈದರಾಬಾದಿನಿಂದ ಬಂದು ಬಿಸಿ ಟೈರಿನಿಂದ ಹವಾ ಬಿಡಿಸಬಾರದು.

ಹಳೇ ಅಂಬಾಸಡರ್:
ನಿನ್ನ ಸ್ಟಿಕರ್ ಬರೆದವರು ಕಲಬುರಗಿ ಬಿಸಿಲು ಕಂಡಿದ್ದಾರಾ?

ಬೀದರ್ ಕೋಟೆ:
ನಾನು ಕಂಡಿದ್ದೀನಿ ಕಾಕಾ. ಬೀದರಿನಿಂದ ಇಳಿದು ಬಂದಾಗೆಲ್ಲ ಕಾಣ್ತೀನಿ.

ಶಹಾಬಾದ್ ಕಲ್ಲು:
ನೈಟ್ರೋಜನ್ ಹಾಕಿಸಿ, ಬಿಸಿಲಿಗೆ ಏರೋದೇ ಇಲ್ಲ.

ಸೋಲ್ಡರ್ ಮಾಮಾ:
ಮಾಮೂಲಿ ಹವಾದಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ ಸರ್. ಒಣಗಿದ ಗಾಳಿ ಅನ್ನೋದೇ ಮುಖ್ಯ ಲಾಭ. ಬಿಸಿಗೆ ಅದೂ ಹಿಗ್ಗುತ್ತದೆ. ಫ್ರೀ ಇದ್ದರೆ ಹಾಕಿಸಿ, ಟೈರಿಗೆ 50 ಕೇಳಿದರೆ ಆ ದುಡ್ಡಿಗೆ ಮಿರ್ಚಿ ಭಜ್ಜಿ ತಿನ್ನಿ.

ಶಹಾಬಾದ್ ಕಲ್ಲು:
ಅದಿರಲಿ, ನಿಮ್ಮಲ್ಲಿ ಯಾರಾದರೂ ಅಮೆರಿಕದಿಂದ ತರಿಸಿದ್ದೀರಾ? ನಮ್ಮ ಅಳಿಯ ಬರುವಾಗ ನಾಲ್ಕು ಸೆನ್ಸರ್ ತಂದ, ಅಲ್ಲಿ ಭಾಳ ಅಗ್ಗ. ಹಾಕಿಸಿದರೆ ಒಂದೂ ಮಾತಾಡಲಿಲ್ಲ. ಡಬ್ಬಿ ಈಗ ಶೋಕೇಸಿನಲ್ಲಿದೆ.

ಟೈರ್ ಅಂಗಡಿಯವ:
ಡಬ್ಬಿ ಮೇಲೆ 315 ಅಂತ ಇದೆಯಾ ನೋಡಿ. ಅಲ್ಲಿ ಬಹಳಷ್ಟು ಗಾಡಿಗಳದ್ದು 315 ಮೆಗಾಹರ್ಟ್ಸ್. ನಮ್ಮಲ್ಲಿ, ಯುರೋಪಿನಲ್ಲಿ 433. ಕಲಬುರಗಿ ಸ್ಟೇಷನ್ ಹಚ್ಚಬೇಕಾದ ರೇಡಿಯೋದಲ್ಲಿ ಬೇರೆ ಸ್ಟೇಷನ್ ಹಚ್ಚಿದ ಹಾಗೆ.

ಶಹಾಬಾದ್ ಕಲ್ಲು:
315 ಇದೆ. ಅಳಿಯನಿಗೆ ಹೇಳಲ್ಲ, ಪಾಪ, ಪ್ರೀತಿಯಿಂದ ತಂದಿದ್ದಾನೆ.

ಟೈರ್ ಅಂಗಡಿಯವ:
ಮತ್ತೆ ಮೊದಲಿನ ಮಾತಿಗೆ ಬರೋಣ. ಜೇವರ್ಗಿ ರೋಡ್ ಅವರೇ, ಒಂದು ಪ್ರಶ್ನೆ. ಈ ಸೆನ್ಸರ್ ಹಾಳಾಗೋ ಮೊದಲು ಯಾವಾಗಾದರೂ ಟೈರ್ ಅದಲು ಬದಲು ಮಾಡಿಸಿದ್ದೀರಾ? ಮುಂದಿಂದು ಹಿಂದಕ್ಕೆ?

ಜೇವರ್ಗಿ ರೋಡ್:
ಹೌದು, ಎರಡು ಸಲ. ಕೊನೆಯ ಸಲ ದಸರಾ ಹೊತ್ತಿಗೆ, ರಿಂಗ್ ರೋಡಿನ ಒಂದು ಅಂಗಡಿಯಲ್ಲಿ. ಯಾಕೆ?

ಟೈರ್ ಅಂಗಡಿಯವ:
ಹಾಗಾದರೆ ಎಡ ಮುಂದಿನ ಟೈರನ್ನು ಈಗಲೇ ಬಿಚ್ಚಿಸಬೇಡಿ! ಕೆಲವು ಗಾಡಿಗಳು ಸೆನ್ಸರ್ ಎಲ್ಲಿದೆ ಅಂತ ತಾವೇ ಪತ್ತೆ ಹಚ್ಚುತ್ತವೆ. ಕೆಲವಕ್ಕೆ ಅದು ಬರಲ್ಲ. ಟೈರ್ ಜಾಗ ಬದಲಾಯಿಸಿದ ಮೇಲೆ ನಾವು ಹೊಸದಾಗಿ ಕಲಿಸಿಕೊಡಬೇಕು, ಇಲ್ಲಾಂದ್ರೆ ಹಳೇ ವಿಳಾಸವನ್ನೇ ತೋರಿಸುತ್ತಿರುತ್ತದೆ. ನೂರಕ್ಕೆ ನೂರು ಹಾಗೇ ಅಂತ ಹೇಳಲ್ಲ, ಆದರೆ ಪರೀಕ್ಷೆ ಮಾಡೋಕೆ ಖರ್ಚಿಲ್ಲ.

ಹೀಗೆ ಮಾಡಿ. ನಾಲ್ಕರಲ್ಲೂ 35 ಹಾಕಿಸಿ. ಎಡ ಮುಂದಿನದರಲ್ಲಿ ಮಾತ್ರ ಐದು ಪಿಎಸ್‌ಐ ಬಿಡಿ. ಊರ ಹೊರಗೆ 40-50ರ ಸ್ಪೀಡಿನಲ್ಲಿ ಹತ್ತು ನಿಮಿಷ ಓಡಿಸಿ, ಡ್ಯಾಶ್‌ಬೋರ್ಡಿನಲ್ಲಿ ಯಾವ ಜಾಗದ ಅಂಕಿ ಇಳಿಯಿತು ನೋಡಿ. ಮತ್ತೆ ಹವಾ ತುಂಬಿಸಿ, ಉಳಿದ ಮೂರು ಟೈರಿಗೂ ಒಂದೊಂದಾಗಿ ಹಾಗೇ ಮಾಡಿ. ಯಾವ ಟೈರಿನ ಹವಾ ಬಿಟ್ಟರೂ ಸ್ಕ್ರೀನಿನಲ್ಲಿ ಏನೂ ಅಲ್ಲಾಡಲ್ಲವೋ ಅದರೊಳಗಿದೆ ಸತ್ತ ಸೆನ್ಸರ್.

ತೊಗರಿಬ್ಯಾಳಿ:
ಇದು ಮಾತು ಅಂದ್ರೆ. ಟೇಪಿನ ಮಾತು ವಾಪಸ್ ತಗೊಂಡೆ.

ಸೇಡಂ ಧೂಳು:
ಇದಕ್ಕಿಂತ ಸ್ಟೆಪ್ನಿ ಚೆನ್ನಾಗಿ ಇಟ್ಕೊಳ್ಳೋದು ವಾಸಿ ಅನ್ಸುತ್ತದೆ. ಈಗಿನ ಗಾಡಿಗಳಲ್ಲಿ ಅದೂ ಇಲ್ಲ ಅಂತೆ, ನಿಜಾನಾ?

ಬೀದರ್ ಕೋಟೆ:
2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಟೈರ್ ಪ್ರೆಶರ್ ಸೆನ್ಸರ್ ವ್ಯವಸ್ಥೆ, ಪಂಕ್ಚರ್ ಕಿಟ್ ಎರಡೂ ಇದ್ದರೆ 3.5 ಟನ್ ಒಳಗಿನ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಹಾಗಾಗಿ ಕೆಲವರು ಕೊಡಲ್ಲ.

ಹಳೇ ಅಂಬಾಸಡರ್:
ಸ್ಟೆಪ್ನಿ ಇಲ್ಲದ ಕಾರು! ಬುತ್ತಿ ಇಲ್ಲದೆ ಜಾತ್ರೆಗೆ ಹೋದ ಹಾಗೆ.

ಕಮಲಾಪುರ ಬಾಳೆ:
ಪಂಕ್ಚರ್ ಕಿಟ್ ಅಂದಿದ್ದಕ್ಕೆ ನೆನಪಾಯ್ತು. ಆ ಬಿಳಿ ಗೊಂದಿನಂತಹ ದ್ರವ ಟೈರಿನೊಳಗೆ ಬಿಟ್ಟರೆ ಸೆನ್ಸರಿಗೆ ಏನಾಗುತ್ತದೆ?

ಟೈರ್ ಅಂಗಡಿಯವ:
ಸೆನ್ಸರಿಗೆ ಹವಾ ಅಳೆಯೋಕೆ ಸೂಜಿ ಮೊನೆಯಷ್ಟು ತೂತು ಇರುತ್ತದೆ. ಅಂಟು ಅಲ್ಲಿ ಕೂತರೆ ಮುಗೀತು. ಸೆನ್ಸರಿಗೆ ಹಾನಿಯಿಲ್ಲದ ದ್ರವವೂ ಸಿಗುತ್ತದೆ, ಡಬ್ಬಿ ಮೇಲೆ ಬರೆದಿರುತ್ತದೆ. ತುರ್ತಿಗೆ ಹಾಕಿದರೆ ಆದಷ್ಟು ಬೇಗ ಟೈರ್ ಬಿಚ್ಚಿಸಿ ಒರೆಸಿಸಿ. ಮತ್ತೆ ಪಂಕ್ಚರ್ ಅಂಗಡಿಗೆ ಹೋದಾಗ ಮೊದಲೇ ಬಾಯಿ ಬಿಟ್ಟು ಹೇಳಿ, "ಒಳಗೆ ಸೆನ್ಸರ್ ಇದೆ, ವಾಲ್ವ್ ಕಡೆಯಿಂದ ಮಶೀನ್ ಒತ್ತಬೇಡ". ನಾನು ಬದಲಿಸಿದ ಸೆನ್ಸರುಗಳಲ್ಲಿ ಸೆಲ್ ಮುಗಿದವು ಎಷ್ಟೋ, ಟೈರ್ ಬಿಚ್ಚುವಾಗ ಮುರಿದವು ಅಷ್ಟೇ ಇವೆ. ನಮ್ಮ ಹುಡುಗರ ಕೈಯಲ್ಲೂ ಮುರಿದಿವೆ, ಸುಳ್ಳು ಯಾಕೆ ಹೇಳಲಿ.

ಸೋಲ್ಡರ್ ಮಾಮಾ:
ಅಲ್ಯೂಮಿನಿಯಂ ವಾಲ್ವ್ ಇದ್ದವರು ಹಿತ್ತಾಳೆಯ ಫ್ಯಾನ್ಸಿ ಮುಚ್ಚಳ ಹಾಕಬೇಡಿ. ಎರಡು ಲೋಹ ಸೇರಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ನನ್ನದನ್ನು ಇಕ್ಕಳದಿಂದ ತಿರುಗಿಸಿದೆ, ವಾಲ್ವೇ ಮುರಿದು ಕೈಗೆ ಬಂತು. ಪ್ಲಾಸ್ಟಿಕ್ ಮುಚ್ಚಳ ಸಾಕು.

ತೊಗರಿಬ್ಯಾಳಿ:
ಮಾಮಾ, ನಿಮ್ಮ ಗಾಡಿಯಲ್ಲಿ ನೀವು ಮುರಿಯದೆ ಬಿಟ್ಟಿರೋದು ಏನಾದರೂ ಇದೆಯಾ?

ಸೋಲ್ಡರ್ ಮಾಮಾ:
ಹಾರ್ನ್.

ಜೇವರ್ಗಿ ರೋಡ್:
ಅಂಗಡಿಯಣ್ಣ ಹೇಳಿದ ಹಾಗೇ ಮಾಡಿದೆ. ಬೆಳಗ್ಗೆ ಆರಕ್ಕೆ ಎದ್ದು ರಿಂಗ್ ರೋಡಿಗೆ ಹೋದೆ, ಕೈಯಲ್ಲಿ 350 ರೂಪಾಯಿಯ ಮೀಟರ್, ಡಿಕ್ಕಿಯಲ್ಲಿ ಪಂಪ್.

ಎಡ ಮುಂದಿನ ಟೈರಿನ ಹವಾ ಬಿಟ್ಟೆ. ಸ್ಕ್ರೀನಿನಲ್ಲಿ ಬಲ ಹಿಂದಿನದು 35ರಿಂದ 30ಕ್ಕೆ ಬಂತು! ಬಲ ಮುಂದಿನದರಲ್ಲಿ ಬಿಟ್ಟೆ, ಸ್ಕ್ರೀನಿನಲ್ಲಿ ಎಡ ಹಿಂದಿನದು ಇಳಿಯಿತು. ಎಡ ಹಿಂದಿನದರಲ್ಲಿ ಬಿಟ್ಟರೆ ಬಲ ಮುಂದೆ. ಬಲ ಹಿಂದಿನದರಲ್ಲಿ ಬಿಟ್ಟಾಗ ಏನೂ ಇಲ್ಲ, ಅದೇ ಗೆರೆ. ಅಂದರೆ ದಸರಾದಿಂದ ಗಾಡಿ ನನಗೆ ನಾಲ್ಕೂ ಟೈರಿನ ಸುದ್ದಿ ತಪ್ಪು ಹೇಳುತ್ತಿತ್ತು. ನಡುವೆ ಒಂದು ಸಲ "ಎಡ ಹಿಂದೆ ಕಡಿಮೆ" ಅಂತ ಬಂದಾಗ ನಾನು ಎಡ ಹಿಂದಿನದಕ್ಕೇ ಹವಾ ಹಾಕಿಸಿದ್ದೆ. ಅಯ್ಯೋ.

ಸರ್ವಿಸ್ ಸೆಂಟರಿನಲ್ಲಿ ಒಂದನ್ನಾದರೂ ಬದಲಿಸಿ ಅಂದಿದ್ದರೆ ಎಡ ಮುಂದಿನ ಚೆನ್ನಾಗಿರುವುದನ್ನು ಕಿತ್ತು ಹಾಕುತ್ತಿದ್ದರು.

ಬೀದರ್ ಕೋಟೆ:
ಅದಕ್ಕೇ ನಾಲ್ಕೂ ಹಾಕಿಸಿ ಅಂದಿದ್ದು, ತಪ್ಪೋ ಪ್ರಶ್ನೆಯೇ ಇಲ್ಲ 😄

ಟೈರ್ ಅಂಗಡಿಯವ:
ಅಡ್ಡ ಬದಲಾಯಿಸಿದ್ದಾರೆ, ಮುಂದಿನ ಎಡ ಹಿಂದಿನ ಬಲಕ್ಕೆ. ಈಗ ಯಾವುದಾದರೂ ದೊಡ್ಡ ಟೈರ್ ಅಂಗಡಿಯಲ್ಲಿ ಪ್ರೋಗ್ರಾಮ್ ಮಾಡುವ ಖಾಲಿ ಸೆನ್ಸರ್ ಕೇಳಿ. ಆಟೆಲ್ ಕಂಪನಿಯದರ ತರಹದ, ಸೆನ್ಸರ್ ಓದಿ ಬರೆಯುವ ಉಪಕರಣ ಇದ್ದವರು ಹಳೇ ಸೆನ್ಸರಿನ ನಂಬರನ್ನೇ ಹೊಸದಕ್ಕೆ ಬರೆಯುತ್ತಾರೆ. ಸತ್ತ ಸೆನ್ಸರ್ ಬಾಯಿ ಬಿಡಲ್ಲ, ಆದರೆ ಅದರ ಮೈಮೇಲೆ ನಂಬರ್ ಅಚ್ಚಾಗಿರುತ್ತದೆ. ಅದನ್ನು ಬರೆದರೆ ಗಾಡಿಗೆ ಹೊಸದು ಬಂದಿದೆ ಅಂತ ಗೊತ್ತೇ ಆಗಲ್ಲ. ಅಲ್ಲೇ ಉಳಿದ ಮೂರರ ಸೆಲ್ ಹೇಗಿದೆ ಅಂತಲೂ ಓದಿಸಿ. ಮತ್ತೆ ಸೆನ್ಸರಿನ ನಟ್ ಕೈಯಿಂದ ಬಿಗಿಯಲಿ, ನಟ್ ಬಿಗಿಯುವ ಗನ್ ಮಶೀನ್ ಹಚ್ಚಿದರೆ ಮುರಿಯುತ್ತದೆ.

ಯಾದಗಿರಿ ಬಿಸಿಲು:
ಕಲಬುರಗಿಯಲ್ಲಿ ಯಾರ ಹತ್ತಿರ ಆ ಉಪಕರಣ ಇದೆ?

ಜೇವರ್ಗಿ ರೋಡ್:
ಮೂರು ಅಂಗಡಿ ತಿರುಗಿದೆ. ಮೊದಲನೆಯವರು "ಅದನ್ನು ತೆಗೆದು ಬಿಸಾಕಿ, ಮಾಮೂಲಿ ವಾಲ್ವ್ ಹಾಕ್ತೀನಿ" ಅಂದರು. ಎರಡನೆಯವರ ಮಶೀನ್ ರಿಪೇರಿಗೆ ಹೋಗಿತ್ತು. ಮೂರನೆಯವರ ಹತ್ತಿರ ಸಿಕ್ಕಿತು. ಸಂದೇಶ ಕಳಿಸಿ ಹೇಳ್ತೀನಿ, ಇಲ್ಲಿ ಹಾಕಿದರೆ ಜಾಹೀರಾತು ಅಂತೀರಿ.

ಸೆನ್ಸರ್ 2,200, ಬಿಚ್ಚಿ ಹಾಕಿ ಬ್ಯಾಲೆನ್ಸಿಂಗ್ ಸೇರಿ 350. ಒಟ್ಟು 2,550. ಹಳೆಯದರ ಮೇಲಿನ ನಂಬರ್ ಕೆಂಪು ಮಣ್ಣಿನಲ್ಲಿ ಮುಚ್ಚಿಹೋಗಿತ್ತು, ಉಗುಳು ಹಚ್ಚಿ ಒರೆಸಿ ಫೋನಿನಲ್ಲಿ ದೊಡ್ಡದು ಮಾಡಿ ಓದಿದೆವು. ಟೈರುಗಳನ್ನು ಹಳೇ ಜಾಗಕ್ಕೆ ವಾಪಸ್ ಹಾಕಿಸಿದೆ, ವಿಳಾಸವೂ ಸರಿಹೋಯ್ತು. ಹುಮನಾಬಾದ್ ರಸ್ತೆಯಲ್ಲಿ ಎರಡು ಕಿ.ಮೀ. ಹೋಗುವಷ್ಟರಲ್ಲಿ ಲೈಟ್ ಆರಿತು. ಉಳಿದ ಮೂರರಲ್ಲಿ ಒಂದರ ಸೆಲ್ ಕಡಿಮೆ ಅಂತ ತೋರಿಸಿದೆ. ಅದನ್ನು ಟೈರ್ ಬದಲಿಸುವಾಗ ನೋಡಿಕೊಳ್ಳುತ್ತೇನೆ.

ಅಂಗಡಿಯಣ್ಣಾ, ಕಲಬುರಗಿ ಕಡೆ ಬಂದರೆ ಹೇಳಿ, ಜೋಳದ ರೊಟ್ಟಿ ಎಣ್ಣೆಗಾಯಿ ಊಟ ನನ್ನದು.

ಟೈರ್ ಅಂಗಡಿಯವ:
ಬರ್ತೀನಿ. ಶೇಂಗಾ ಹಿಂಡಿ ಮರೀಬೇಡಿ.

ಸೇಡಂ ಧೂಳು:
ಅಪ್ಪ ಏನಂದರು?

ಜೇವರ್ಗಿ ರೋಡ್:
"ಟೇಪಿಗೆ 10 ರೂಪಾಯಿ ಆಗ್ತಿತ್ತು" ಅಂದರು. ಆಮೇಲೆ ಹೋಗಿ ನಾಲ್ಕೂ ಟೈರ್ ಒದ್ದು ನೋಡಿದರು.

ಹಳೇ ಅಂಬಾಸಡರ್:
ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಯಾದಗಿರಿ ಬಿಸಿಲು:
ಸೆಟ್ ಬಟನ್ ಸಿಕ್ಕಿತು! ಸ್ಟಿಯರಿಂಗ್ ಕೆಳಗೆ ಬಲಕ್ಕೆ ಇತ್ತು. ಇಷ್ಟು ವರ್ಷ ಅದನ್ನು ಹೆಡ್‌ಲೈಟಿಂದು ಅಂದುಕೊಂಡಿದ್ದೆ.